ಸತ್ಯಾಂಶ: ಬಾಲಮಂದಿರದ ಮಕ್ಕಳಿಗೆ ಶಾಕ್ ಕೊಡುತ್ತಾರಾ?

ಕೋಲಾರ ಕಡೆಯ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಬಾಲಮಂದಿರದ ಮಗುವನ್ನು ಮಾನಸಿಕ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ ಕರೆಂಟ್ ಶಾಕ್ ಕೊಡುತ್ತಾರೆ, ಹುಚ್ಚು ಅಂತ ಬರೆದು ಎಲ್ಲರಿಗೂ ತಿಳಿಸುತ್ತಾರೆ ಅಂತ. ಎರಡೂ ಸುಳ್ಳು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರಿಗೆ ಶಾಕ್ ಚಿಕಿತ್ಸೆ ಕೊಡುವಂತಿಲ್ಲ. ಅಪರೂಪಕ್ಕೆ ಡಾಕ್ಟರ್‌ಗೆ ಬೇಕೇ ಬೇಕು ಅನಿಸಿದರೂ ಪೋಷಕರ ಒಪ್ಪಿಗೆ ಬೇಕು, ಈ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿಯೂ ಮೊದಲೇ ಸಿಗಬೇಕು. ಚಿಕಿತ್ಸೆಯ ವಿವರ ಗುಟ್ಟಾಗಿ ಇಡಬೇಕು ಅಂತ ಅದೇ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಇಂಥ ಮಕ್ಕಳ ಹೆಸರು, ಫೋಟೊ ಪೇಪರ್‌ನಲ್ಲಿ, ಟಿವಿಯಲ್ಲಿ ಹಾಕುವುದೂ ಬಾಲ ನ್ಯಾಯ ಕಾಯ್ದೆಯಲ್ಲಿ ಅಪರಾಧ.

ಹಾಗಾದರೆ ಡಾಕ್ಟರ್ ಹತ್ತಿರ ಹೋದಾಗ ನಡೆಯುವುದೇನು? ಹೆಚ್ಚಾಗಿ ಮಾತು, ಆಟ. ಮನೆ ಬಿಟ್ಟು ಬಂದ ಮಗು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಬಹುದು, ನಾಳೆ ಊಟ ಸಿಗುತ್ತೋ ಇಲ್ಲವೋ ಅನ್ನೋ ಹೆದರಿಕೆಗೆ ದಿಂಬಿನ ಕೆಳಗೆ ಬಿಸ್ಕತ್ ಬಚ್ಚಿಡಬಹುದು. ಅದನ್ನು ಹಟಮಾರಿತನ ಅಂದುಕೊಂಡು ಬೈದರೆ ಭಯ ಇನ್ನೂ ಜಾಸ್ತಿ ಆಗುತ್ತೆ, ಅಲ್ವಾ? ಆಪ್ತಸಮಾಲೋಚಕರು ಕಾಗದ, ಬಣ್ಣ ಕೊಟ್ಟು ಪಕ್ಕದಲ್ಲಿ ಕೂತು, ನಿದ್ದೆ ಬರುತ್ತಾ, ಯಾರ ನೆನಪಾಗುತ್ತೆ ಅಂತ ನಿಧಾನವಾಗಿ ಕೇಳುತ್ತಾರೆ. ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕಾದವರಿಗೆ ತಡ ಮಾಡಬಾರದು.

ಈ ಮೆಸೇಜ್ ನಂಬಿ ಸಂಬಂಧಿಕರು ಬೇಡ ಅಂದರೆ ನಷ್ಟ ಆಗೋದು ಮಗುವಿಗೆ, ಅದಕ್ಕೇ ಇಷ್ಟು ಬರೆದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸೇವೆ ಸರ್ಕಾರದ್ದೇ. ಏನಾದರೂ ಕೇಳಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.