ಸರ್ವರಿನ ಹಿಸೆ

ನಮ್ಮ ಕಡೆ ಆಸ್ತಿ ಹಿಸೆ (ಪಾಲು) ಅಂದರೆ ಪೂರ್ತಿ ಹಿಸೆ. ಅಣ್ಣನಿಗೆ ಬಾವಿ, ತಮ್ಮನಿಗೆ ಹಗ್ಗ-ಕೊಡಪಾನ. ಈ ಪದ್ಧತಿ ಕಂಪ್ಯೂಟರಿಗೂ ಬಂದಿದೆ ಅಂತ ಗೊತ್ತಾದದ್ದು ಮೊನ್ನೆ, ಶಿರಸಿಯಲ್ಲಿ ನಾಲ್ಕು ಚೀಲ ಚಾಲಿ ಅಡಿಕೆ ಮಾರಿ ಲೆಕ್ಕದ ಪಟ್ಟಿಗೆ ಕಾಯುತ್ತ ಕೂತಾಗ. ಎಲ್ಲಿ ಅಂತ ಕೇಳಬೇಡಿ. ಮುಂದಿನ ವಾರವೂ ಅಲ್ಲಿಗೇ ಅಡಿಕೆ ಒಯ್ಯಬೇಕು.

“ಸರ್ವರ್ ಇಲ್ಲ” ಎಂದ ಕೌಂಟರಿನ ಹುಡುಗ. ಸರ್ವರ್ ಅವನ ಬೆನ್ನ ಹಿಂದಿನ ಗಾಜಿನ ಕೋಣೆಯಲ್ಲೇ ಎಸಿ ಗಾಳಿ ಕುಡಿಯುತ್ತ ನಿಂತಿತ್ತು. “ದೀಪ ಉರೀತಾ ಇದ್ದಲೋ ತಮಾ!” ಅಂದರು ಪಕ್ಕದ ಹಿರಿಯರು.

ದೀಪ ಉರಿಸುವುದು ಸಿಸ್ಟಮ್ ಅಡ್ಮಿನ್ ಹಿಸೆ. ಡಬ್ಬ, ಡಿಸ್ಕು, ಲಿನಕ್ಸು, ಎಲ್ಲ ಬೀಗ ತೆರೆಯುವ ರೂಟ್ ಪಾಸ್‌ವರ್ಡು ಎಲ್ಲ ಅವನವು. ಒಳಗೆ ಲೆಕ್ಕವೆಲ್ಲ ಇರುವ ಒರಾಕಲ್ ಡಾಟಾಬೇಸ್ ಮಾತ್ರ ಡಿಬಿಎಗೆ, ಅಂದರೆ ಅದನ್ನು ನೋಡಿಕೊಳ್ಳುವವನಿಗೆ. ಆತ ಸಿದ್ದಾಪುರದ ಹಳ್ಳಿಯ ಮನೆಯಿಂದ ಕೆಲಸ ಮಾಡುವವ, ಸಿಗ್ನಲ್ ಬೇಕಾದಾಗ ಬೆಟ್ಟ ಹತ್ತುವವ.

ಆದದ್ದಿಷ್ಟು. ಡಾಟಾಬೇಸ್ ತನ್ನೊಳಗಾದ ಬದಲಾವಣೆಯನ್ನೆಲ್ಲ ರೀಡೂ ಲಾಗಿನಲ್ಲಿ ಬರೆದುಕೊಳ್ಳುತ್ತದೆ. ಅದು ತುಂಬಿದಂತೆಲ್ಲ ಆರ್ಕೈವ್ ಲಾಗ್ ಅಂತ ನಕಲು ತೆಗೆದಿಡುತ್ತದೆ. ಇಡಲು ಜಾಗವಿಲ್ಲವೋ, ಮುಷ್ಕರ. ಒಂದು ಪಟ್ಟಿಯನ್ನೂ ಬರೆಯಗೊಡದು. ತೆರೆಯ ಮೇಲೆ ‘ಓಆರ್‌ಎ-00257’ ಅಂತ ಬಂತು.

ಸ್ಪೀಕರ್ ಫೋನಿನಲ್ಲಿ ಡಿಬಿಎ: “ಡಿಸ್ಕ್ ನಿಮ್ದು, ಜಾಗ ಕೊಡಿ.”

“ಡಿಸ್ಕ್ ನಮ್ದೇ. ತುಂಬಿಸಿದ ಫೈಲ್ ನಿಮ್ದು, ತೆಗೀರಿ.”

“ಬ್ಯಾಕಪ್ ಆಗ್ದೆ ತೆಗೆಯೂದು ಹ್ಯಾಂಗೆ? ಟೇಪ್ ನಿಮ್ಮ ಹತ್ರ ಇದೆ.”

“ಹಂಗಾರೆ ಟಿಕೆಟ್ ಹಾಕಿ.”

ಟಿಕೆಟ್, ಅಂದರೆ ದೂರು, ಹಾಕುವ ತಂತ್ರಾಂಶ ಇದ್ದದ್ದೂ ಅದೇ ಡಾಟಾಬೇಸಿನಲ್ಲಿ.

ಹೊರಗೆ ಗಲಾಟೆ ಜೋರಾಯಿತು. ಮ್ಯಾನೇಜರು ಒಳಗೆ ಹೋಗಿ ಬಂದರು. ಅಷ್ಟರಲ್ಲಿ ಡಿಬಿಎ ಸಿಗ್ನಲ್ ಕಡಿಯಿತು, ಸಿಸ್ಟಮ್ ಅಡ್ಮಿನ್ ರೂಟ್ ಆಗಿ ಹೊಕ್ಕು ಲಾಗ್ ಫೈಲುಗಳನ್ನು ಅಳಿಸಿಯೇಬಿಟ್ಟ. ಡಿಸ್ಕು ಅಂಗಳದಷ್ಟು ಖಾಲಿ. ಆದರೂ ಡಾಟಾಬೇಸ್ “ಜಾಗ ಇಲ್ಲ” ಅಂತಲೇ ಕೂತಿತು! ಫೈಲು ಹೋದದ್ದನ್ನು ಅದಕ್ಕೆ ಯಾರೂ ಹೇಳಿಲ್ಲವಲ್ಲ. ಆರ್‌ಮ್ಯಾನ್ ಎಂಬ ಬ್ಯಾಕಪ್ ಸಾಧನದಲ್ಲಿ ಕ್ರಾಸ್‌ಚೆಕ್ ಮಾಡಿ, ಇಲ್ಲದ ಫೈಲನ್ನು ಲೆಕ್ಕದಿಂದ ಹೊಡೆದುಹಾಕುವ ತನಕ ಲಾಗ್ ಇಡುವ ಅದರ ರಿಕವರಿ ಏರಿಯಾ ಭರ್ತಿಯೇ. ಗೋದಾಮು ಖಾಲಿ, ಸ್ಟಾಕ್ ಪುಸ್ತಕದಲ್ಲಿ ತುಂಬಿ ತುಳುಕಾಟ. ಸಹಕಾರಿ ರಂಗದ ಹಳೇ ತಲೆಗಳಿಗೆ ಮಾತ್ರ ಇದು ಕೂಡಲೇ ಅರ್ಥವಾಯಿತು.

ಬೆಟ್ಟದ ತುದಿಯಿಂದ ಮತ್ತೆ ಡಿಬಿಎ: “ಬ್ಯಾಕಪ್ ಆಗದ ಲಾಗನ್ನೇ ಅಳಿಸಿದ್ದೀರಿ. ಈಗ ಡಿಸ್ಕು ಸುಟ್ಟರೆ ನಿನ್ನೆ ರಾತ್ರಿವರೆಗಿನದು ವಾಪಸ್ ಬರ್ತದೆ, ಇವತ್ತಿಂದು ಬರೂದಿಲ್ಲ. ತಕ್ಷಣ ಪೂರ್ತಿ ಬ್ಯಾಕಪ್ ತಗೊಳ್ಳಿ.”

ಯಾರು ತಗೊಳ್ಳಬೇಕು? ಮೀಟಿಂಗು ಕೂತಿತು. ಚಹಾ ಎರಡು ಸಲ ಒಳಗೆ ಹೋಯಿತು. ಕೊನೆಗೆ ಠರಾವಾಯಿತು: ಡಿಸ್ಕು ಶೇ. 80 ತುಂಬುವ ತನಕ ಸಿಸ್ಟಮ್ ಅಡ್ಮಿನ್ ಜವಾಬ್ದಾರಿ, ಅಲ್ಲಿಂದ ಮೇಲೆ ಡಿಬಿಎ ಜವಾಬ್ದಾರಿ. ಶೇ. 100ಕ್ಕೆ ಮಾರಿಕಾಂಬೆ ಅಂತ ಬರೆದಿರಲಿಲ್ಲ, ಅಷ್ಟೇ.

ಸಂಜೆ ಐದಕ್ಕೆ ಮ್ಯಾನೇಜರು, “ಇವತ್ತು ಕೈಯಲ್ಲೇ ಪಟ್ಟಿ ಬರೀರಿ” ಅಂದರು. ಹುಡುಗ ಪೆನ್ನು ಹಿಡಿದ, ಪುಸ್ತಕ ಬಿಡಿಸಿದ, ತಲೆ ಎತ್ತಿದ.

“ಕಾರ್ಬನ್ ಹಾಳೆ ಸ್ಟೋರಿನವರದ್ದು ಸಾರ್. ಅವರು ಮನೆಗೆ ಹೋದರು.”