ಅಬ್ಬರದೊಳಗಿನ ಸಮಾಧಾನ

ರಾಕ್ ಸಂಗೀತ ನನಗಿಷ್ಟ ಎಂದು ಹೆಣ್ಣೊಬ್ಬಳು ಹೇಳಿದರೆ ಸುಲಭಕ್ಕೆ ಯಾರೂ ನಂಬುವುದಿಲ್ಲ. ಬ್ಯಾಂಡಿನ ಹೆಸರಿರುವ ಟಿ-ಶರ್ಟ್ ತೊಟ್ಟಿದ್ದರೆ, ‘ಇವರ ಮೂರು ಹಾಡು ಹೇಳು ನೋಡೋಣ’ ಎಂಬ ಪರೀಕ್ಷೆ. ಹೇಳಿದರೂ ಮುಗಿಯಲಿಲ್ಲ, ಗಾಯಕನ ಚೆಲುವಿಗೆ ಮರುಳಾಗಿದ್ದಾಳೆ ಎಂಬ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ. ಇದನ್ನು ಕೇಳಿ ಕೇಳಿ ನನಗೆ ರೋಸಿಹೋಗಿದೆ.

1964ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ಅಮೆರಿಕಕ್ಕೆ ಬಂದಾಗ ಕೂಗಿ, ಅತ್ತು ಸಂಭ್ರಮಿಸಿದ ಹುಡುಗಿಯರಿಗೂ ಉನ್ಮಾದದ ಹಣೆಪಟ್ಟಿಯೇ ಸಿಕ್ಕಿತು. ಮರುವರ್ಷ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಅವರ ಹಾಡು ಕೇಳಲು ಸೇರಿದ್ದವರು 55,000ಕ್ಕೂ ಹೆಚ್ಚು. ಆ ಕೂಗಿನ ನಡುವೆ ಹಾಡೇ ಸರಿಯಾಗಿ ಕೇಳಿಸಲಿಲ್ಲ. ಅದನ್ನು ಇಂದಿಗೂ ನಗೆಪಾಟಲಾಗಿ ಹೇಳುತ್ತಾರೆ. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ದನಿ ತಗ್ಗಿಸು ಎಂದು ಹೇಳಿಸಿಕೊಂಡೇ ಬೆಳೆದವರಿಗೆ ಗಂಟಲು ಬಿರಿಯುವಂತೆ ಕೂಗಲು ಒಂದು ಜಾಗ ಸಿಕ್ಕಿತ್ತು, ಅದೂ ಸಾವಿರಾರು ಜೊತೆಗಾತಿಯರ ನಡುವೆ.

ನೊಂದವರಿಗೆ ಮೆಲುದನಿಯ ಹಾಡೇ ಮದ್ದು ಎಂಬುದನ್ನು ನಾನು ಒಪ್ಪುವುದಿಲ್ಲ. ಸಿಟ್ಟು ಬಂದಾಗ ‘ಶಾಂತಳಾಗು’ ಎನ್ನುವವರಿಗೆ ಬರವಿಲ್ಲ. ಗುಡುಗುವ ಗಿಟಾರು, ಎದೆಗೇ ಬಡಿಯುವ ಡ್ರಮ್ಸ್ ಹಾಗೆನ್ನುವುದಿಲ್ಲ. ಸಿಟ್ಟನ್ನು ಇದ್ದ ಹಾಗೆಯೇ ಇರಗೊಡುತ್ತವೆ. ಹಾಡು ಮುಗಿಯುವಷ್ಟರಲ್ಲಿ ಉಸಿರು ಹದಕ್ಕೆ ಬಂದಿರುತ್ತದೆ. ಶಾಲೆಯಲ್ಲಿ ಹೀಯಾಳಿಕೆ ಉಂಡ ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಸಂಗೀತೋತ್ಸವದ ವೇದಿಕೆ ಏರಿದಾಗ ದನಿಯನ್ನು ನಯಗೊಳಿಸಲು ಹೋಗಲೇ ಇಲ್ಲ. ಒಡೆದರೆ ಒಡೆಯಲಿ ಎಂದು ಹಾಡಿದಳು. 1993ರಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದ ಬಾಂಬ್ ದಾಳಿಗೆ ಇಬ್ಬರು ಬಾಲಕರು ಬಲಿಯಾದಾಗ ಐರ್ಲೆಂಡಿನ ಗಾಯಕಿ ಡೊಲೊರೆಸ್ ಓರಿಯೊರ್ಡನ್ ಬರೆದು ಹಾಡಿದ ‘ಜಾಂಬಿ’ ಹಾಡಿನಲ್ಲಿ ಅಳುವೆಲ್ಲಿ ಮುಗಿಯಿತು, ಆಕ್ರೋಶವೆಲ್ಲಿ ಶುರುವಾಯಿತು ಎಂದು ಬಿಡಿಸಿ ಹೇಳಲಾಗದು. ಅಳುವುದಕ್ಕೂ ಸಿಡಿಯುವುದಕ್ಕೂ ಒಂದೇ ಹಾಡು ಸಾಕಾಗುತ್ತದೆಂದು ನಾನು ಕಂಡುಕೊಂಡದ್ದು ಅಲ್ಲಿ.

ಹೆಣ್ಣನ್ನು ಕೀಳಾಗಿ ಕಾಣುವ ಸಾಲುಗಳು ರಾಕ್‌ನಲ್ಲಿ ಬೇಕಾದಷ್ಟಿವೆ. ಅವು ನಮಗೂ ಕೇಳಿಸುತ್ತವೆ. ಕೆಲವು ಹಾಡುಗಳನ್ನು ಬಿಟ್ಟಿದ್ದೇವೆ, ಕೆಲವುಗಳ ಜೊತೆ ಜಗಳವಾಡುತ್ತಲೇ ಉಳಿದಿದ್ದೇವೆ.

ಆದರೆ ಕಿವಿಗೆ ಸಿಗುವ ನೆಮ್ಮದಿ ಮೈಗೂ ಸಿಗಬೇಡವೇ? ವೇದಿಕೆಯ ಮುಂದಿನ ನೂಕುನುಗ್ಗಲಿನಲ್ಲಿ ಮೊಣಕೈ ಏಟು, ಬೇಡದ ಕೈಗಳು. 1990ರ ದಶಕದಲ್ಲಿ ಅಮೆರಿಕದ ಬಿಕಿನಿ ಕಿಲ್ ಬ್ಯಾಂಡಿನ ಗಾಯಕಿ ಕ್ಯಾಥ್ಲೀನ್ ಹಾನಾ ‘ಹುಡುಗಿಯರೆಲ್ಲ ಮುಂದೆ ಬನ್ನಿ’ ಎಂದು ವೇದಿಕೆಯಿಂದಲೇ ಕರೆಯುತ್ತಿದ್ದಳು. ಗಂಡಸರು ಹಿಂದೆ ಸರಿಯಬೇಕಿತ್ತು. ಕೆಲವರು ಸಿಡಿಮಿಡಿಗೊಂಡರು. ಇಂದಿಗೂ ಎಷ್ಟೋ ಹೆಂಗಸರು ಇಷ್ಟದ ಬ್ಯಾಂಡನ್ನು ಗೋಡೆಗೆ ಒರಗಿ, ಚೀಲವನ್ನು ಎದೆಗೆ ಅವಚಿಕೊಂಡೇ ನೋಡುತ್ತಾರೆ. ಟಿಕೆಟ್ಟಿಗೆ ಅವರು ಕೊಟ್ಟದ್ದೂ ಅಷ್ಟೇ ಹಣ.