ಸಾಶಿಕೊ: ಸ್ವಲ್ಪ ಒಳಮೈ ತೋರಿಸಿ

ಹರಿದ ಜೀನ್ಸ್ ಮೊಣಕಾಲಿಗೆ ತೇಪೆಯಿಟ್ಟು ಸಾಶಿಕೊ, ಅಂದರೆ ಜಪಾನಿನ ಓಟಹೊಲಿಗೆಯ ಚಿತ್ತಾರ, ಹಾಕಿದ ಫೋಟೋ ಬಂದರೆ ಸಾಕು, ಎಲ್ಲರೂ ಹೊರಗಿನ ಚಿತ್ತಾರ ಹೊಗಳುತ್ತಾರೆ. ಮಗುಚಿ ಒಳಮೈ ತೋರಿಸಿ. ತೇಪೆ ಎಷ್ಟು ದಿನ ಬಾಳುತ್ತೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಇದು ಶೋಕಿಗೆ ಹುಟ್ಟಿದ ಕಸುಬಲ್ಲ. ಉತ್ತರ ಜಪಾನಿನ ತ್ಸುಗಾರು ಸೀಮೆಯ ರೈತರು ಹತ್ತಿ ಬಟ್ಟೆ ತೊಡುವಂತಿರಲಿಲ್ಲ, ಭಂಗಿ ನಾರಿನ ಬಟ್ಟೆಯೇ ಗತಿ. ಅದರ ಸಂದಿನಲ್ಲಿ ಚಳಿಗಾಳಿ ನುಗ್ಗದಂತೆ ದಾರ ತುಂಬಿ ಹೊಲಿದದ್ದೇ ಕೊಗಿನ್ ಅನ್ನೋ ಸಾಶಿಕೊ ಬಗೆ. ಎಳೆಗಳನ್ನು 1, 3, 5 ಅಂತ ಬೆಸಲೆಕ್ಕದಲ್ಲಿ ಎಣಿಸುತ್ತಾರೆ. ಪಕ್ಕದ ನಂಬು ಸೀಮೆಯ ಹಿಶಿಝಾಶಿ ಹೊಲಿಗೆಯಲ್ಲಿ ಸಮಲೆಕ್ಕ. ನಮ್ಮ ಕಸೂತಿಯ ನೇಗಿ ಹೊಲಿಗೆ ಬಲ್ಲವರಿಗೆ ಈ ಎಣಿಕೆ ಹೊಸದೇನಲ್ಲ.

ಮೊದಲ ತಪ್ಪು ದಾರದ್ದು. ಹೊಳೆಯುವ ಆರೆಳೆ ಕಸೂತಿ ದಾರ ಉಜ್ಜಾಟಕ್ಕೆ ಬಿಚ್ಚಿಕೊಂಡು ಜುಂಗೇಳುತ್ತೆ. ಹೊಳಪಿಲ್ಲದ ಹತ್ತಿ ಹುರಿದಾರ ತಗೊಳ್ಳಿ, ಒಮ್ಮೆಗೆ 50–60 ಸೆಂ.ಮೀ. ಸಾಕು. ಸೂಜಿ 5 ಸೆಂ.ಮೀ. ಉದ್ದ ಇರಲಿ, ಐದಾರು ಹೊಲಿಗೆ ಒಟ್ಟಿಗೆ ಏರಿಸಬೇಕಲ್ಲ.

ಎರಡನೆಯದು ತೇಪೆ. ಹೊಸ ಗಟ್ಟಿ ಬಟ್ಟೆ ಹಾಕಿದರೆ ಒಗೆದಾಗ ಅದು ಕುಗ್ಗಿ, ಸುತ್ತಲಿನ ಸವೆದ ಬಟ್ಟೆಯನ್ನೇ ಹರಿಯುತ್ತೆ. ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆಯನ್ನು ತೂತಿಗಿಂತ ಎಲ್ಲ ಕಡೆ 2–3 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಸಾಲುಗಳೆಲ್ಲ ಒಂದೇ ಗೆರೆಯಲ್ಲಿ ಮುಗಿಯಬಾರದು, ಅಂಚೆಚೀಟಿಯ ಅಂಚಿನ ಹಾಗೆ ಅಲ್ಲೇ ಹರಿಯುತ್ತೆ. ಒಂದು ಸಾಲು ಉದ್ದ, ಮತ್ತೊಂದು ಗಿಡ್ಡ ಮಾಡಿ.

ಆದರೆ ನಿಜವಾಗಿ ಕೆಡಿಸೋದು ಬಿಗಿ. ಹೊಲಿಗೆ ಅಕ್ಕಿಕಾಳಿನಷ್ಟಿರಲಿ, ಹೊರಗೆ 3 ಪಾಲು, ಒಳಗೆ 2. ಪ್ರತಿ ಸಲ ದಾರ ಎಳೆದಮೇಲೆ ಹೆಬ್ಬೆರಳಿನಿಂದ ಸಾಲಿನುದ್ದಕ್ಕೂ ಬಟ್ಟೆಯನ್ನು ನೀವಿ. ಜಪಾನಿನಲ್ಲಿ ಇದಕ್ಕೆ ಇತೊಶಿಗೊಕಿ ಅಂತ ಹೆಸರೇ ಇದೆ. ನೀವದಿದ್ದರೆ ಸುಕ್ಕು, ಆಮೇಲೆ ಎಷ್ಟು ಇಸ್ತ್ರಿ ಹಾಕಿದರೂ ಹೋಗಲ್ಲ. ಮೂಲೆ ತಿರುಗುವಾಗ ಒಳಗೆ ಎರಡು ಮಿಲಿಮೀಟರ್ ದಾರ ಸಡಿಲ ಬಿಡಿ. ಒಳಗೆ 2.5 ಸೆಂ.ಮೀ.ಗಿಂತ ದೂರ ಜಿಗಿಯಬೇಡಿ, ಪ್ಯಾಂಟ್ ಏರಿಸುವಾಗ ಕಾಲ್ಬೆರಳು ಸಿಕ್ಕಿ ಪೂರ್ತಿ ಸಾಲೇ ಕಿತ್ತುಬರುತ್ತೆ. ಗಂಟೂ ಬೇಡ. ಮೂರ್ನಾಲ್ಕು ಹೊಲಿಗೆ ಹಿಂದಕ್ಕೆ ಹೊಲಿದರೆ ದಾರ ಅಲ್ಲೇ ಕೂರುತ್ತೆ.

ಆಸಾನೊಹಾ, ಅಂದರೆ ಭಂಗಿ ಎಲೆಯ ಚಿತ್ತಾರ, ಎಲ್ಲರಿಗೂ ಇಷ್ಟ. ಆಸಾ ಅಂದರೆ ಅದೇ ಭಂಗಿ ಗಿಡ. ಅದರಂತೆ ನೆಟ್ಟಗೆ ಬೆಳೆಯಲಿ ಅಂತ ಕೂಸುಗಳ ಬಟ್ಟೆಗೆ ಹಾಕುತ್ತಿದ್ದರು! ಗೆರೆಗಳು ಕೂಡುವ ನಡುವನ್ನು ಖಾಲಿ ಬಿಡಿ, ದಾರ ಒಂದರ ಮೇಲೊಂದು ಕೂತರೆ ಉಬ್ಬು ಏಳುತ್ತೆ. ನನ್ನ ಕೇಳಿದರೆ ಮೊಣಕಾಲಿಗೆ ಆಸಾನೊಹಾ ಬೇಡವೇ ಬೇಡ, 5 ಮಿ.ಮೀ. ಅಂತರದ ನೇರ ಸಾಲುಗಳೇ ಗಟ್ಟಿ.

ಕಡುನೀಲಿ ಬಟ್ಟೆಯಾದರೆ ನೀರು ತಿಳಿಯಾಗುವವರೆಗೆ ಮೊದಲೇ ಒಗೆದಿಡಿ. ಇಲ್ಲವಾದರೆ ನಿಮ್ಮ ಬಿಳಿ ದಾರ ಮೊದಲ ಒಗೆತಕ್ಕೇ ನೀಲಿ.